ಗಾಡಿ ಓಡಿಸುವ ರೀತಿಯಿಂದ ಇಂಧನ ಮತ್ತು ಹೊಗೆಯ ಲೆಕ್ಕ ಹಾಕುವುದು ಹೇಗೆ?

ಒಂದು ಸಿಗ್ನಲ್‌ನಿಂದ ಮುಂದಿನ ಸಿಗ್ನಲ್‌ಗೆ 600 ಮೀಟರ್ ಇದೆ ಅಂದುಕೊಳ್ಳಿ. ರಸ್ತೆ ಮಟ್ಟಸವಾಗಿದೆ, ಮಧ್ಯೆ ಯಾರೂ ಅಡ್ಡ ಇಲ್ಲ. 1.2 ಟನ್ ತೂಗುವ, ಒಂದೇ ಥರದ ಎರಡು ಪೆಟ್ರೋಲ್ ಕಾರು ಅಕ್ಕಪಕ್ಕ ನಿಂತಿವೆ. ಹಸಿರು ಬಿತ್ತು. ಅವಸರದ ಕಾರು 10 ಸೆಕೆಂಡಿನಲ್ಲಿ ಗಂಟೆಗೆ 72 ಕಿ.ಮೀ. ಮುಟ್ಟಿತು. ಹಾಗೇ ಓಡಿ, ಕೊನೆಯ 80 ಮೀಟರ್‌ನಲ್ಲಿ ಜೋರಾಗಿ ಬ್ರೇಕ್ ಹಾಕಿ, 39ನೇ ಸೆಕೆಂಡಿಗೆ ನಿಂತಿತು. ಅಲ್ಲಿ ಕೆಂಪು. 15 ಸೆಕೆಂಡು ಕಾಯಿತು. ಸಮಾಧಾನದ ಕಾರು 12 ಸೆಕೆಂಡು ತೆಗೆದುಕೊಂಡು 54ಕ್ಕೆ ಏರಿತು. ದೂರದಿಂದಲೇ ಕೆಂಪು ನೋಡಿ, ಕೊನೆಯ 15 ಸೆಕೆಂಡು ಮೆಲ್ಲಗೆ ಬ್ರೇಕ್ ಒತ್ತುತ್ತಾ ಬಂತು. ಅದು ಬಂದು ಸೇರುವ ಹೊತ್ತಿಗೆ ಸರಿಯಾಗಿ ಹಸಿರು.

ಇಬ್ಬರಿಗೂ ಹಿಡಿದದ್ದು 54 ಸೆಕೆಂಡು. ಇಬ್ಬರ ಸರಾಸರಿ ವೇಗವೂ ಗಂಟೆಗೆ 40 ಕಿ.ಮೀ. ಆದರೆ ಕುಡಿದ ಪೆಟ್ರೋಲ್ ಒಂದೇ ಅಲ್ಲ. ಮುಂದೆ ಲೆಕ್ಕ ಹಾಕಿಯೇ ನೋಡೋಣ, ಒಂದು 36 ಗ್ರಾಂ ಹತ್ತಿರ, ಇನ್ನೊಂದು 25 ಗ್ರಾಂ ಒಳಗೆ. ಸರಾಸರಿ ವೇಗ ಮಾತ್ರ ನೋಡುವ ಮಾಡೆಲ್‌ಗೆ, ಅಂದರೆ ಇಂಧನ ಮತ್ತು ಹೊಗೆ ಅಂದಾಜು ಮಾಡುವ ಲೆಕ್ಕದ ವಿಧಾನಕ್ಕೆ, ಈ ಎರಡು ಕಾರು ಅವಳಿ ಜವಳಿ. ಯುರೋಪಿನ ಕೋಪರ್ಟ್ ಅಂಥ ಮಾಡೆಲ್. ಇಡೀ ದೇಶದ ಗಾಡಿಗಳ ಹೊಗೆ ವರ್ಷಕ್ಕೆ ಎಷ್ಟು ಅಂತ ಕೇಳಿದರೆ ಅದು ಸರಿಯಾದ ಸಾಧನವೇ. ಚಾಲಕನ ಕಾಲು ಏನು ಮಾಡಿತು ಅಂತ ಕೇಳಿದರೆ ಮಾತ್ರ ಅದಕ್ಕೆ ಉತ್ತರ ಗೊತ್ತಿಲ್ಲ. ಅದಕ್ಕೆ ಸೆಕೆಂಡು ಸೆಕೆಂಡಿನ ಲೆಕ್ಕ ಬೇಕು. ಈ ಲೇಖನ ಅದರ ಬಗ್ಗೆ. ಸ್ಪ್ರೆಡ್‌ಶೀಟ್ ಬಳಸಲು ಬಂದರೆ ಸಾಕು, ಪೈಥಾನ್ ಬಂದರೆ ಇನ್ನೂ ಒಳ್ಳೆಯದು.

ಹೆಜ್ಜೆ 1: ಏನು ಬೇಕು ಅಂತ ಮೊದಲು ಬರೆದಿಟ್ಟುಕೊಳ್ಳಿ

ಇಂಧನ ಮತ್ತು ಕಾರ್ಬನ್ ಡೈಆಕ್ಸೈಡ್ ಬೇಕಾ, ಅಥವಾ ಕಾರ್ಬನ್ ಮೊನಾಕ್ಸೈಡ್, ನೈಟ್ರೋಜನ್ ಆಕ್ಸೈಡ್, ಮಸಿಯ ಕಣ ಬೇಕಾ? ಮೊದಲಿನದು ಸುಲಭ. ಉರಿದ ಇಂಧನದ ಕಾರ್ಬನ್ ಬಹುಪಾಲು ಕಾರ್ಬನ್ ಡೈಆಕ್ಸೈಡ್ ಆಗಿಯೇ ಹೊರಬರುತ್ತದೆ. ಒಂದು ಲೀಟರ್ ಪೆಟ್ರೋಲ್‌ಗೆ ಸುಮಾರು 2.3 ಕಿಲೋ, ಡೀಸೆಲ್‌ಗೆ ಸುಮಾರು 2.6 ಕಿಲೋ. ಇಂಧನ ಗೊತ್ತಾದರೆ ಇದು ಗುಣಾಕಾರ ಅಷ್ಟೇ. ಎರಡನೆಯ ಗುಂಪು ಕಷ್ಟದ್ದು, ಅದಕ್ಕೆ ಆಮೇಲೆ ಬರುತ್ತೇನೆ. ಮೊದಲ ಸಲ ಮಾಡುವವರು ಇಂಧನದಿಂದ ಶುರು ಮಾಡಿ.

ಹೆಜ್ಜೆ 2: ಡೇಟಾ ಹಿಡಿಯಿರಿ

ಸ್ಟೀರಿಂಗ್ ಕೆಳಗೆ ಓಬಿಡಿ ಸಾಕೆಟ್, ಅಂದರೆ ಗಾಡಿಯ ಕಂಪ್ಯೂಟರಿನಿಂದ ಮಾಹಿತಿ ತೆಗೆಯುವ ಕಿಂಡಿ, ಇರುತ್ತದೆ. ಅದಕ್ಕೆ ಈಎಲ್‌ಎಂ327 ಥರದ ಸಣ್ಣ ಬ್ಲೂಟೂತ್ ಅಡಾಪ್ಟರ್ ಸಿಕ್ಕಿಸಿ, ಮೊಬೈಲಿನಲ್ಲಿ ಲಾಗ್ ಮಾಡುವ ಆ್ಯಪ್ ಹಾಕಿಕೊಂಡರೆ ಆಯಿತು. ಬೇಕಾದವು ಇಷ್ಟು: ಗಾಡಿಯ ವೇಗ, ಇಂಜಿನ್ ಆರ್‌ಪಿಎಂ, ಒಳಗೆ ಎಳೆದುಕೊಳ್ಳುವ ಗಾಳಿಯ ಪ್ರಮಾಣ, ಥ್ರಾಟಲ್ (ಆ ಗಾಳಿಯ ಬಾಗಿಲು) ಎಷ್ಟು ತೆರೆದಿದೆ, ಕೂಲಂಟ್ ಬಿಸಿ. ಎಲ್ಲವನ್ನೂ ಸೆಕೆಂಡಿಗೆ ಒಮ್ಮೆ ಹಿಡಿದರೆ ಸಾಕು. ಹತ್ತಾರು ಅಂಶಗಳನ್ನು ಟಿಕ್ ಮಾಡಬೇಡಿ. ಅಡಾಪ್ಟರ್ ಒಂದಾದ ಮೇಲೆ ಒಂದನ್ನು ಕೇಳುತ್ತಾ ಹೋಗುತ್ತದೆ, ಪಟ್ಟಿ ಉದ್ದ ಆದಷ್ಟು ಒಂದೊಂದರ ಸರದಿ ತಡವಾಗುತ್ತದೆ. ಜೊತೆಗೆ ಮೊಬೈಲಿನ ಜಿಪಿಎಸ್ ಕೂಡ ಓಡುತ್ತಿರಲಿ.

ಕೆಲವು ಗಾಡಿಗಳು ಇಂಧನ ಹರಿಯುವ ದರವನ್ನೇ ನೇರವಾಗಿ ಹೇಳುತ್ತವೆ. ಹೇಳದಿದ್ದರೆ ಗಾಳಿಯಿಂದ ಲೆಕ್ಕ ಹಾಕಬೇಕು. ಪೆಟ್ರೋಲ್ ಇಂಜಿನ್ ಹೆಚ್ಚಿನ ಹೊತ್ತು 14.7 ಗ್ರಾಂ ಗಾಳಿಗೆ 1 ಗ್ರಾಂ ಪೆಟ್ರೋಲ್ ಹದದಲ್ಲೇ ಉರಿಸುತ್ತದೆ. ಸೆನ್ಸರ್ 10 ಗ್ರಾಂ/ಸೆಕೆಂಡ್ ಗಾಳಿ ತೋರಿಸಿದರೆ ಪೆಟ್ರೋಲ್ 0.68 ಗ್ರಾಂ/ಸೆಕೆಂಡ್. ಲೀಟರಿಗೆ 745 ಗ್ರಾಂ ಹಿಡಿದರೆ ಗಂಟೆಗೆ 3.3 ಲೀಟರ್. ಎಥೆನಾಲ್ ಬೆರೆತ ಪೆಟ್ರೋಲ್ ಆದರೆ 14.7 ಇಳಿಯುತ್ತದೆ, 10% ಬೆರಕೆಗೆ 14.1 ಹತ್ತಿರ.

ಎರಡು ಕಡೆ ಈ ಲೆಕ್ಕ ಕೈಕೊಡುತ್ತದೆ. ಓಡುತ್ತಿರುವಾಗ ಆಕ್ಸಿಲರೇಟರ್ ಪೂರ್ತಿ ಬಿಟ್ಟರೆ ಇಂಜಿನ್ ಇಂಧನವನ್ನೇ ನಿಲ್ಲಿಸುತ್ತದೆ, ಗಾಳಿ ಮಾತ್ರ ಹೋಗುತ್ತಿರುತ್ತದೆ. ಆಗ ಸೂತ್ರ ಸುಮ್ನೆ ಪೆಟ್ರೋಲ್ ಖರ್ಚು ತೋರಿಸುತ್ತದೆ. ಥ್ರಾಟಲ್ ಮುಚ್ಚಿದ್ದು, ಗಾಡಿ ಗೇರಿನಲ್ಲಿದ್ದು, ಆರ್‌ಪಿಎಂ ಐಡ್ಲಿಂಗ್‌ಗಿಂತ ಚೆನ್ನಾಗಿ ಮೇಲಿದ್ದರೆ ಆ ಸೆಕೆಂಡುಗಳಿಗೆ ಸೊನ್ನೆ ಹಾಕಿ. ಎರಡನೆಯದು ಡೀಸೆಲ್. ಡೀಸೆಲ್ ಇಂಜಿನ್‌ಗೆ ಗಾಳಿ ಯಾವಾಗಲೂ ಧಾರಾಳ, ಹದ ಒಂದೇ ಇರುವುದಿಲ್ಲ. ಅಲ್ಲಿ ಗಾಳಿಯಿಂದ ಇಂಧನ ಕಂಡುಹಿಡಿಯಲು ಹೋಗಬೇಡಿ. ನೇರ ದರ ಸಿಕ್ಕರೆ ಮಾತ್ರ ಮುಂದುವರಿಯಿರಿ.

ಡೇಟಾ ಬಂದ ತಕ್ಷಣ ಮಾಡಬೇಕಾದ ಇನ್ನೊಂದು ಕೆಲಸ ಇದೆ, ಬಹಳ ಜನ ಬಿಟ್ಟುಬಿಡುತ್ತಾರೆ. ಜಿಪಿಎಸ್ ಗಡಿಯಾರ, ಓಬಿಡಿ ಗಡಿಯಾರ ಒಂದೇ ಹೊತ್ತು ತೋರಿಸುವುದಿಲ್ಲ. ಒಂದು ಕಡೆಯ ವೇಗವನ್ನು ಒಂದೊಂದೇ ಸೆಕೆಂಡು ಹಿಂದೆ ಮುಂದೆ ಜರುಗಿಸಿ, ಇನ್ನೊಂದು ಕಡೆಯ ವೇಗದ ಜೊತೆ ಎಲ್ಲಿ ಚೆನ್ನಾಗಿ ಕೂರುತ್ತದೆ ನೋಡಿ. ಹೊಗೆ ಅಳೆಯುವ ಯಂತ್ರ ಕಟ್ಟಿದ್ದರಂತೂ ಇದು ಕಡ್ಡಾಯ. ಸೈಲೆನ್ಸರಿನಿಂದ ಹೊಗೆ ಕೊಳವೆಯಲ್ಲಿ ಹರಿದು ಯಂತ್ರ ಮುಟ್ಟಿ, ಅದು ಓದಿ ಹೇಳುವಷ್ಟರಲ್ಲಿ ಕೆಲವು ಸೆಕೆಂಡು ಕಳೆದಿರುತ್ತದೆ. ಜೋಡಿಸದೆ ಹೋದರೆ ಕಾಲೊತ್ತಿದ್ದು ಒಂದು ಸಾಲಿನಲ್ಲಿ, ಹೊಗೆ ಬಂದದ್ದು ಇನ್ನೊಂದು ಸಾಲಿನಲ್ಲಿ. ಬ್ರೇಕ್ ಹಾಕಿದರೆ ಹೊಗೆ ಜಾಸ್ತಿ ಅಂತ ಮಾಡೆಲ್ ಕಲಿಯುತ್ತದೆ.

ಹೆಜ್ಜೆ 3: ವೇಗೋತ್ಕರ್ಷ ಶುದ್ಧ ಮಾಡಿ. ಇಡೀ ಕೆಲಸ ಕೆಡುವುದು ಇಲ್ಲೇ

ಯಾವ ಮಾಡೆಲ್ ಬಳಸಬೇಕು ಅಂತ ಜನ ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ನನ್ನನ್ನು ಕೇಳಿದರೆ ಮಾಡೆಲ್ ಎರಡನೇ ಮಾತು. ವೇಗೋತ್ಕರ್ಷದ, ಅಂದರೆ ವೇಗ ಸೆಕೆಂಡಿಗೆ ಎಷ್ಟು ಬದಲಾಯಿತು ಅನ್ನುವ, ಕಾಲಂ ಸರಿ ಇದ್ದರೆ ಸಾದಾ ಮಾಡೆಲ್ ಕೂಡ ದಡ ಸೇರಿಸುತ್ತದೆ. ಅದು ಹಾಳಾಗಿದ್ದರೆ ಎಂಥ ಮಾಡೆಲ್ ತಂದರೂ ಅಷ್ಟೇ.

ಯಾಕೆ ಅಂತ ಹತ್ತಿರದಿಂದ ನೋಡೋಣ. ಓಬಿಡಿ ವೇಗವನ್ನು ಪೂರ್ಣ ಸಂಖ್ಯೆಯಲ್ಲೇ ಕೊಡುತ್ತದೆ. 54, 55, 56. ಮಧ್ಯೆ 54.4 ಅನ್ನುವುದು ಇಲ್ಲ. ನೀವು ಸಮವಾಗಿ 54.5ರಲ್ಲಿ ಹೋಗುತ್ತಿದ್ದೀರಿ. ಫೈಲಿನಲ್ಲಿ 54, 55, 54, 55 ಅಂತ ಕುಣಿಯುತ್ತಿದೆ. ಒಂದು ಸೆಕೆಂಡಿನಲ್ಲಿ 1 ಕಿ.ಮೀ./ಗಂಟೆ ವ್ಯತ್ಯಾಸ ಅಂದರೆ 0.28 ಮೀಟರ್/ಸೆಕೆಂಡ್² ವೇಗೋತ್ಕರ್ಷ. ಸಣ್ಣದು ಅನಿಸುತ್ತದೆ, ಅಲ್ವಾ? ಈಗ ಅದನ್ನು ಶಕ್ತಿಗೆ ತಿರುಗಿಸಿ. ಸೂತ್ರ ಐದನೇ ಹೆಜ್ಜೆಯಲ್ಲಿದೆ, ಸದ್ಯಕ್ಕೆ ಉತ್ತರ ಮಾತ್ರ ನೋಡಿ. ಮಟ್ಟಸ ರಸ್ತೆಯಲ್ಲಿ 54ರಲ್ಲಿ ಸಮವಾಗಿ ಹೋಗಲು ಟನ್‌ಗೆ 3 ಕಿಲೋವ್ಯಾಟ್ ಸಾಕು. ಈ ಸುಳ್ಳು ವೇಗೋತ್ಕರ್ಷ ಅದಕ್ಕೆ 4.6 ಕೂಡುತ್ತದೆ, ಮರು ಸೆಕೆಂಡಿಗೆ 4.6 ಕಳೆಯುತ್ತದೆ. ಅಸಲಿಗಿಂತ ಗದ್ದಲವೇ ದೊಡ್ಡದು!

ಕೂಡಿದ್ದು ಕಳೆದದ್ದು ಸರಿಹೋಗುತ್ತದೆ ಬಿಡಿ ಅಂತ ನೀವು ಅನ್ನಬಹುದು. ಹೋಗುವುದಿಲ್ಲ. ಒಂದು ಸೆಕೆಂಡು 7.6 ಕಿಲೋವ್ಯಾಟ್, ಮುಂದಿನ ಸೆಕೆಂಡು ಮೈನಸ್ 1.6. ಮೈನಸ್ ಶಕ್ತಿಗೆ ಇಂಜಿನ್ ಪೆಟ್ರೋಲ್ ವಾಪಸ್ ಕೊಡುತ್ತದಾ? ಇಲ್ಲ, ಅದು ಸೊನ್ನೆ. ಸರಾಸರಿ ಈಗ 3 ಅಲ್ಲ, 3.8. ರಸ್ತೆಯಲ್ಲಿ ಏನೂ ಆಗದೆ ಕಾಲುಭಾಗಕ್ಕಿಂತ ಜಾಸ್ತಿ ಶಕ್ತಿ ನಿಮ್ಮ ಹಾಳೆಯಲ್ಲಿ ಹುಟ್ಟಿಕೊಂಡಿತು.

ಮದ್ದು ಏನು? ವೇಗವನ್ನು ಸ್ವಲ್ಪ ನಯ ಮಾಡಿ, ಆಮೇಲೆ ವೇಗೋತ್ಕರ್ಷ ತೆಗೆಯಿರಿ. ಸವಿಟ್ಸ್ಕಿ-ಗೋಲೇ ಅನ್ನುವ ಫಿಲ್ಟರ್ ಈ ಕೆಲಸಕ್ಕೆ ನನಗೆ ತುಂಬಾ ಇಷ್ಟ. ಪಕ್ಕಪಕ್ಕದ ಐದೋ ಏಳೋ ಬಿಂದುಗಳಿಗೆ ಒಂದು ಸಣ್ಣ ವಕ್ರರೇಖೆ ಕೂರಿಸಿ, ಅದರ ಇಳಿಜಾರನ್ನೇ ವೇಗೋತ್ಕರ್ಷ ಅಂತ ಕೊಡುತ್ತದೆ. ಪೈಥಾನಿನ ಸೈಪೈ ಲೈಬ್ರರಿಯಲ್ಲಿ ಸಿದ್ಧವಾಗಿ ಸಿಗುತ್ತದೆ. ಒಂದು ಸಲಕ್ಕೆ 5ರಿಂದ 7 ಸೆಕೆಂಡು (ಇದನ್ನೇ ಕಿಟಕಿ ಅನ್ನುವುದು), ವಕ್ರರೇಖೆ ಎರಡನೇ ಘಾತದ್ದು. ಇಲ್ಲಿಂದ ಶುರು ಮಾಡಿ.

ಅತಿ ನಯ ಮಾಡಿದರೂ ಕೆಟ್ಟಿತು. 15 ಸೆಕೆಂಡಿನ ಸರಾಸರಿ ಹಾಕಿದರೆ ಅವಸರದ ಕಾರು ಸಮಾಧಾನದ ಕಾರಾಗಿ ಬಿಡುತ್ತದೆ. ಯಾರು ಹೇಗೆ ಓಡಿಸಿದರು ಅನ್ನುವುದನ್ನೇ ಅಳಿಸಿ ಹಾಕಿದ ಹಾಗೆ. ಕಿಟಕಿ ಎಷ್ಟಿರಬೇಕು ಅಂತ ತಿಳಿಯಲು ನಾನು ಎರಡು ಜಾಗ ನೋಡುತ್ತೇನೆ. ಸಮವಾಗಿ ಓಡಿದ ಒಂದು ನಿಮಿಷ ಹುಡುಕಿ, ಅಲ್ಲಿ ವೇಗೋತ್ಕರ್ಷ ಸೊನ್ನೆಯ ಸುತ್ತ ಸಣ್ಣದಾಗಿ ಅಲ್ಲಾಡಬೇಕು. ಆಮೇಲೆ ಸಿಗ್ನಲ್‌ನಿಂದ ಜೋರಾಗಿ ಹೊರಟ ಒಂದು ಜಾಗ ಹುಡುಕಿ, ಅಲ್ಲಿ ಶಿಖರ ಶಿಖರದ ಹಾಗೇ ಉಳಿದಿರಬೇಕು. ಎರಡೂ ಕೂಡಿಬರುವ ಅಳತೆಯೇ ನಿಮ್ಮ ಅಳತೆ.

ಇನ್ನುಳಿದವು ಬೇಗ ಹೇಳಿ ಮುಗಿಸುತ್ತೇನೆ. ನಿಂತಾಗಲೂ ಜಿಪಿಎಸ್ ಸುಮ್ಮನಿರುವುದಿಲ್ಲ, ತೆವಳುತ್ತಿರುತ್ತದೆ. ಗಂಟೆಗೆ 1 ಕಿ.ಮೀ.ಗಿಂತ ಕೆಳಗಿದ್ದರೆ ಸೊನ್ನೆ ಮಾಡಿ. ಸುರಂಗದಲ್ಲಿ ಸಿಗ್ನಲ್ ಹೋಗಿ ಎರಡು ಮೂರು ಸೆಕೆಂಡು ಖಾಲಿ ಬಿದ್ದರೆ ತುಂಬಿಸಬಹುದು, ಅದಕ್ಕಿಂತ ಜಾಸ್ತಿ ಆದರೆ ಆ ತುಂಡನ್ನು ಬಿಟ್ಟುಬಿಡಿ. ಮಾಮೂಲಿ ಕಾರು ಸೆಕೆಂಡಿಗೆ 5 ಮೀಟರ್/ಸೆಕೆಂಡ್ ದರದಲ್ಲಿ ವೇಗ ಏರಿಸಿಕೊಂಡಿತು ಅಂತ ಫೈಲು ಹೇಳಿದರೆ ನಂಬಬೇಡಿ. ನಯ ಮಾಡಿದ ಮೇಲೆ ವೇಗವನ್ನು ಕೂಡಿಸುತ್ತಾ ಹೋಗಿ, ಒಟ್ಟು ದೂರ ಮೊದಲಿನಷ್ಟೇ ಇದೆಯಾ ನೋಡಿ.

ಮೊಬೈಲಿನೊಳಗೇ ವೇಗೋತ್ಕರ್ಷ ಅಳೆಯುವ ಸೆನ್ಸರ್ ಇದೆಯಲ್ಲ ಅಂತ ಕೇಳುವವರಿದ್ದಾರೆ. ಇದೆ. ಆದರೆ ಹೋಲ್ಡರಿನಲ್ಲಿ ಫೋನ್ 5 ಡಿಗ್ರಿ ವಾಲಿದರೆ ಗುರುತ್ವಾಕರ್ಷಣೆಯೇ 0.85 ಮೀಟರ್/ಸೆಕೆಂಡ್² ಸುಳ್ಳು ತೋರಿಸುತ್ತದೆ. ಹೊಂಡ ಹಾರಿದ್ದನ್ನು ಗುರುತಿಸಲು ಅದು ಒಳ್ಳೆಯದು, ಇಂಧನದ ಲೆಕ್ಕಕ್ಕೆ ಬೇಡ.

ಹೆಜ್ಜೆ 4: ರಸ್ತೆಯ ಏರು ಮರೆಯಬೇಡಿ

ಗಂಟೆಗೆ 54 ಕಿ.ಮೀ.ನಲ್ಲಿ 1% ಏರು, ಅಂದರೆ 100 ಮೀಟರ್‌ಗೆ 1 ಮೀಟರ್, ಟನ್‌ಗೆ 1.5 ಕಿಲೋವ್ಯಾಟ್ ಜಾಸ್ತಿ ಕೇಳುತ್ತದೆ. ಸಮ ರಸ್ತೆಯಲ್ಲಿ ಬೇಕಾಗಿದ್ದೇ 3. ಕಣ್ಣಿಗೆ ಕಾಣದ ಏರು ಶಕ್ತಿಯನ್ನು ಒಂದೂವರೆ ಪಟ್ಟು ಮಾಡಿತು. ಜಿಪಿಎಸ್ ಕೊಡುವ ಎತ್ತರವನ್ನು ಹಾಗೇ ಬಳಸಬೇಡಿ, ಅದು ನಿಂತಲ್ಲೇ ಮೀಟರುಗಟ್ಟಲೆ ಏರಿಳಿಯುತ್ತದೆ. 2000ದಲ್ಲಿ ಬಾಹ್ಯಾಕಾಶ ನೌಕೆಯಿಂದ ರಾಡಾರ್ ಹಾಯಿಸಿ ಮಾಡಿದ ಎಸ್‌ಆರ್‌ಟಿಎಂ ಎತ್ತರದ ನಕ್ಷೆ ಉಚಿತವಾಗಿ ಸಿಗುತ್ತದೆ. ಅದರಿಂದ ಎತ್ತರ ತೆಗೆದು, ನೂರಿನ್ನೂರು ಮೀಟರ್ ದೂರಕ್ಕೆ ನಯ ಮಾಡಿ ಇಳಿಜಾರು ಲೆಕ್ಕ ಹಾಕಿ. ಸೇತುವೆ ಮತ್ತು ಫ್ಲೈಓವರ್ ಮೇಲೆ ಈ ನಕ್ಷೆಯನ್ನು ನಂಬುವಂತಿಲ್ಲ, ಅಲ್ಲಿ ಕೈಯಾರೆ ತಿದ್ದಬೇಕು. ಅದೇ ದಾರಿಯಲ್ಲಿ ಹತ್ತಾರು ಸಲ ಓಡಾಡುವ ಗಾಡಿಯಾದರೆ ಎಲ್ಲ ಓಟಗಳ ಎತ್ತರದ ಸರಾಸರಿ ತೆಗೆದರೂ ಆಗುತ್ತದೆ.

ಹೆಜ್ಜೆ 5: ಪ್ರತಿ ಸೆಕೆಂಡಿನ ಶಕ್ತಿ

1999ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಹೋಸೆ ಲೂಯಿಸ್ ಹಿಮೆನೆಸ್-ಪಲಾಸಿಯೋಸ್ ತಮ್ಮ ಪಿಎಚ್.ಡಿ. ಪ್ರಬಂಧದಲ್ಲಿ ಒಂದು ಅಳತೆ ಮುಂದಿಟ್ಟರು. ವೇಗ, ವೇಗೋತ್ಕರ್ಷ, ಏರು, ಈ ಮೂರನ್ನೂ ಒಂದೇ ಸಂಖ್ಯೆಗೆ ಇಳಿಸುವ ಅಳತೆ. ಗಾಡಿಯ ಒಂದು ಟನ್ ತೂಕಕ್ಕೆ ಇಂಜಿನ್ ಎಷ್ಟು ಕಿಲೋವ್ಯಾಟ್ ಕೊಡುತ್ತಿದೆ ಅನ್ನುವುದೇ ಅದು. ಈ ಕೆಲಸದಲ್ಲಿರುವವರು ವಿಎಸ್‌ಪಿ ಅನ್ನುತ್ತಾರೆ. ಸಣ್ಣ ಗಾಡಿಗಳಿಗೆ ಸೂತ್ರ ಹೀಗಿದೆ:

ವಿಎಸ್‌ಪಿ = ವೇಗ × (1.1 × ವೇಗೋತ್ಕರ್ಷ + 9.81 × ಏರು + 0.132) + 0.000302 × ವೇಗ³

ವೇಗ ಮೀಟರ್/ಸೆಕೆಂಡಿನಲ್ಲಿ ಇರಬೇಕು, ಏರು ಭಿನ್ನರಾಶಿಯಲ್ಲಿ, ಅಂದರೆ 1%ಗೆ 0.01. ಕಿ.ಮೀ./ಗಂಟೆಯನ್ನು 3.6ರಿಂದ ಭಾಗಿಸುವುದು ಮರೆತು ಗಾಬರಿಯಾದವರ ಪಟ್ಟಿಯಲ್ಲಿ ನಾನೂ ಇದ್ದೇನೆ.

ಒಂದೊಂದು ತುಂಡಿಗೂ ಅರ್ಥ ಇದೆ. 1.1ರಲ್ಲಿ 1 ಗಾಡಿಯನ್ನು ಮುಂದೆ ತಳ್ಳಲು, 0.1 ಚಕ್ರ, ಗೇರ್, ಇಂಜಿನ್ನಿನ ತಿರುಗುವ ಭಾಗಗಳನ್ನು ಜೋರು ಮಾಡಲು. 9.81 ಗುರುತ್ವಾಕರ್ಷಣೆ. 0.132 ಟೈರ್ ಉರುಳುವಾಗಿನ ಎಳೆತ. ಕೊನೆಯದು ಗಾಳಿಯ ತಡೆ, ವೇಗದ ಘನದ ಜೊತೆ ಏರುತ್ತದೆ.

ಈ ಅಂಕಿಗಳು ಸಾಮಾನ್ಯ ಕಾರಿನವು. ನಿಮ್ಮ ಗಾಡಿಗೆ ಕೂರುತ್ತವಾ ಅಂತ ನೋಡಲು ಖಾಲಿಯಾದ, ಮಟ್ಟಸವಾದ ರಸ್ತೆಯಲ್ಲಿ, ಗಾಳಿ ಇಲ್ಲದ ದಿನ, 60ಕ್ಕೆ ಹೋಗಿ ನ್ಯೂಟ್ರಲ್‌ಗೆ ಹಾಕಿ ಬಿಡಿ. ಸೂತ್ರದ ಪ್ರಕಾರ 54ರ ಹತ್ತಿರ ಪ್ರತಿ ಸೆಕೆಂಡಿಗೆ 0.65 ಕಿ.ಮೀ./ಗಂಟೆಯಷ್ಟು ವೇಗ ಇಳಿಯಬೇಕು. ಹತ್ತು ಸೆಕೆಂಡಿಗೆ ಆರೂವರೆ. ಹತ್ತಕ್ಕೆ ಹತ್ತು ಇಳಿದರೆ ಟೈರಿನ ಗಾಳಿ ನೋಡಿ, ಬ್ರೇಕ್ ಹಿಡಿದುಕೊಂಡಿದೆಯಾ ನೋಡಿ, ಎರಡೂ ಸರಿ ಇದ್ದರೆ ಅಂಕಿ ತಿದ್ದಿ. ಎರಡೂ ದಿಕ್ಕಿಗೆ ಓಡಿಸಿ ಸರಾಸರಿ ತೆಗೆದುಕೊಳ್ಳಿ, ಆಗ ಕಾಣದ ಏರಿಳಿತ ಕಳೆದುಹೋಗುತ್ತದೆ.

ಈಗ ನಮ್ಮ ಎರಡು ಕಾರಿಗೆ ಬರೋಣ. ಸೆಕೆಂಡು ಸೆಕೆಂಡಿನ ಪ್ಲಸ್ ಶಕ್ತಿಯನ್ನಷ್ಟೇ ಕೂಡಿಸಿದರೆ ಅವಸರದ ಕಾರಿಗೆ ಟನ್‌ಗೆ 345 ಕಿಲೋಜೂಲ್, ಸಮಾಧಾನದ ಕಾರಿಗೆ 218. ಅವಸರದ ಕಾರಿನ 345ರಲ್ಲಿ 220 ಹೋದದ್ದು ಬರೀ ವೇಗ ಏರಿಸಲು. ಆ 220ರಲ್ಲಿ ಹೆಚ್ಚಿನದು ಕೊನೆಯ 80 ಮೀಟರ್‌ನಲ್ಲಿ ಬ್ರೇಕಿನ ಬಿಸಿಯಾಗಿ ಹೋಯಿತು. ಪೆಟ್ರೋಲ್‌ಗೆ ತಿರುಗಿಸಲು ಒಂದು ಸಾದಾ ಅಂದಾಜು ಹಿಡಿಯೋಣ: ಇಂಜಿನ್ ತಿರುಗುತ್ತಿರಲು ಸೆಕೆಂಡಿಗೆ 0.2 ಗ್ರಾಂ, ಅದರ ಮೇಲೆ ಪ್ರತಿ ಕಿಲೋಜೂಲಿಗೆ (ಟನ್ ಲೆಕ್ಕವನ್ನು ಕಾರಿನ 1.2 ಟನ್‌ನಿಂದ ಗುಣಿಸಿದ ಮೇಲೆ) 0.065 ಗ್ರಾಂ, ವೇಗ ಇಳಿಸುವಾಗ ಸೊನ್ನೆ. ಅವಸರದ ಕಾರು 36 ಗ್ರಾಂ, ಸಮಾಧಾನದ ಕಾರು 24.7. ಸುಮಾರು ಮೂರರಲ್ಲಿ ಒಂದು ಪಾಲು ಉಳಿಯಿತು, ಹೊತ್ತು ಮಾತ್ರ ಒಂದೇ. ಅವಸರದ ಕಾರಿನ ವಿಎಸ್‌ಪಿ ಶಿಖರ ಟನ್‌ಗೆ 49 ಕಿಲೋವ್ಯಾಟ್, ಇನ್ನೊಂದರದು 24. ಈ 49 ಅನ್ನುವುದನ್ನು ನೆನಪಿಡಿ, ಹೊಗೆಯ ವಿಷಯಕ್ಕೆ ಬೇಕಾಗುತ್ತದೆ.

ಹೆಜ್ಜೆ 6: ಡಬ್ಬಿ ಮಾಡೆಲ್‌ನಿಂದ ಶುರು ಮಾಡಿ

ಮೇಲಿನ 0.2 ಮತ್ತು 0.065 ನಾನು ಹಿಡಿದ ಅಂದಾಜು. ನಿಮ್ಮ ಗಾಡಿಯ ನಿಜವಾದ ಸಂಬಂಧ ನಿಮ್ಮ ಡೇಟಾದಲ್ಲೇ ಇದೆ. ಅದನ್ನು ತೆಗೆಯುವ ಅತಿ ಸರಳ ದಾರಿ ಅಂದರೆ ಸೆಕೆಂಡುಗಳನ್ನು ಡಬ್ಬಿಗಳಿಗೆ ಹಾಕುವುದು. ಅಮೆರಿಕದ ಪರಿಸರ ರಕ್ಷಣಾ ಸಂಸ್ಥೆಯ ಮೂವ್ಸ್ ಮಾಡೆಲ್ ಮಾಡುವುದೂ ಇದನ್ನೇ. ಬ್ರೇಕ್ ಹಾಕುವುದು ಒಂದು ಡಬ್ಬಿ, ನಿಂತಿರುವುದು ಒಂದು ಡಬ್ಬಿ, ಮಿಕ್ಕವನ್ನು ವೇಗ ಮತ್ತು ವಿಎಸ್‌ಪಿ ನೋಡಿ ಹಂಚುತ್ತದೆ. ಒಟ್ಟು 23 ಡಬ್ಬಿ. ವೇಗದ ಗಡಿಗಳು ಗಂಟೆಗೆ 25 ಮತ್ತು 50 ಮೈಲಿ, ನಮ್ಮ ಲೆಕ್ಕದಲ್ಲಿ ಸುಮಾರು 40 ಮತ್ತು 80 ಕಿ.ಮೀ.

ನೀವೂ ಹಾಗೇ ಮಾಡಿ. ಮೂರು ವೇಗದ ಪಟ್ಟಿ, ಪ್ರತಿ ಪಟ್ಟಿಯಲ್ಲಿ ವಿಎಸ್‌ಪಿ ಮೂರು ಮೂರರಂತೆ ಹೆಚ್ಚುತ್ತಾ ಹೋಗಲಿ. ಪ್ರತಿ ಡಬ್ಬಿಯಲ್ಲಿ ಬಿದ್ದ ಸೆಕೆಂಡುಗಳ ಇಂಧನದ ಸರಾಸರಿ ಬರೆದುಕೊಳ್ಳಿ. ಒಂದು ಡಬ್ಬಿಯಲ್ಲಿ ಬರೀ ಹತ್ತಿಪ್ಪತ್ತು ಸೆಕೆಂಡು ಇದ್ದರೆ ಪಕ್ಕದ ಡಬ್ಬಿಗೆ ಸೇರಿಸಿ. ಹೊಸ ಓಟದ ಇಂಧನ ಬೇಕಾದರೆ, ಆ ಓಟ ಯಾವ ಡಬ್ಬಿಯಲ್ಲಿ ಎಷ್ಟು ಸೆಕೆಂಡು ಕಳೆಯಿತು ಎಣಿಸಿ, ಸರಾಸರಿಯಿಂದ ಗುಣಿಸಿ ಕೂಡಿಸಿ. ಮುಗಿಯಿತು. ಕೋಷ್ಟಕವನ್ನು ಕಣ್ಣಲ್ಲಿ ನೋಡಿದರೇ ತಪ್ಪು ಗೊತ್ತಾಗುತ್ತದೆ. ವಿಎಸ್‌ಪಿ ಏರಿದ ಹಾಗೆ ಇಂಧನ ಏರಬೇಕು. ಮಧ್ಯೆ ಎಲ್ಲೋ ಧಡಕ್ಕನೆ ಇಳಿದರೆ ಮೂರನೇ ಹೆಜ್ಜೆಗೆ ವಾಪಸ್ ಹೋಗಿ.

ಇನ್ನೊಂದು ದಾರಿ ವರ್ಜೀನಿಯಾ ಟೆಕ್‌ನ ವಿಟಿ-ಮೈಕ್ರೊ. ಇಂಧನದ ಲಾಗರಿದಮ್ಮನ್ನು ವೇಗ ಮತ್ತು ವೇಗೋತ್ಕರ್ಷದ ಮೂರನೇ ಘಾತದವರೆಗಿನ ಪದಗಳಿಗೆ ಕೂರಿಸುತ್ತದೆ. ವೇಗ ಏರಿಸುವಾಗ 16 ಗುಣಾಂಕ, ಇಳಿಸುವಾಗ ಬೇರೆ 16. ಟ್ರಾಫಿಕ್ ಸಿಮ್ಯುಲೇಷನ್‌ಗೆ ಇದು ಹಗುರ, ಚುರುಕು. ಆದರೆ ಡೇಟಾ ಇಲ್ಲದ ಮೂಲೆಗೆ ಹೋದರೆ ಹುಚ್ಚಾಪಟ್ಟೆ ಉತ್ತರ ಕೊಡುತ್ತದೆ. ಘನದ ಮೇಲೆ ಘಾತಾಂಕ ಕೂತರೆ ಇನ್ನೇನಾಗುತ್ತದೆ. ಡೇಟಾ ನೋಡಿ ತಾವೇ ಕಲಿಯುವ ರ‍್ಯಾಂಡಮ್ ಫಾರೆಸ್ಟ್ ಥರದ ಮಾಡೆಲ್‌ಗಳು ಇದಕ್ಕೆ ಉಲ್ಟಾ, ಕಂಡದ್ದಕ್ಕಿಂತ ಆಚೆ ಹೋದರೆ ಕೊನೆಯ ಉತ್ತರವನ್ನೇ ಹಿಡಿದು ಕೂರುತ್ತವೆ. ಅವನ್ನು ಬಳಸುವುದಾದರೆ ಈಗಿನ ಸೆಕೆಂಡು ಮಾತ್ರವಲ್ಲ, ಹಿಂದಿನ ಐದಾರು ಸೆಕೆಂಡಿನ ವಿಎಸ್‌ಪಿಯನ್ನೂ ಕೊಡಿ. ಇಂಜಿನ್ನಿಗೂ ನೆನಪಿರುತ್ತದೆ. ಏನೇ ಆಗಲಿ, ನಿಮ್ಮ ದೊಡ್ಡ ಮಾಡೆಲ್ ಡಬ್ಬಿ ಮಾಡೆಲ್‌ಗಿಂತ ಎಷ್ಟು ಚೆನ್ನಾಗಿದೆ ಅಂತ ಹೇಳಲು ಆಗದಿದ್ದರೆ ಅದು ಬೇಕಾಗಿಲ್ಲ.

ಹೆಜ್ಜೆ 7: ಹೊಗೆಯ ಲೆಕ್ಕದ ಜಾತಿಯೇ ಬೇರೆ

ಇಂಧನ ಶಕ್ತಿಯ ಜೊತೆ ಹೆಚ್ಚುಕಮ್ಮಿ ನೇರವಾಗಿ ಏರುತ್ತದೆ. ಹೊಗೆ ಹಾಗಲ್ಲ. ಪೆಟ್ರೋಲ್ ಕಾರಿನ ಕ್ಯಾಟಲಿಟಿಕ್ ಕನ್ವರ್ಟರ್ ಬಿಸಿಯಾಗಿ, ಗಾಳಿ-ಇಂಧನದ ಹದ ಸರಿಯಾಗಿದ್ದರೆ ಕಾರ್ಬನ್ ಮೊನಾಕ್ಸೈಡ್, ಹೈಡ್ರೋಕಾರ್ಬನ್, ನೈಟ್ರೋಜನ್ ಆಕ್ಸೈಡ್ ಮೂರನ್ನೂ ತುಂಬಾ ಮಟ್ಟಿಗೆ ನುಂಗಿಬಿಡುತ್ತದೆ. ನಿಮಿಷಗಟ್ಟಲೆ ಅಳತೆ ಸೊನ್ನೆಯ ಹತ್ತಿರವೇ ತೂಕಡಿಸುತ್ತದೆ. ಆಮೇಲೆ ಯಾರೋ ಕಾಲೊತ್ತುತ್ತಾರೆ, ಟನ್‌ಗೆ 49 ಕಿಲೋವ್ಯಾಟ್. ಆ ಮಟ್ಟದಲ್ಲಿ ಎಷ್ಟೋ ಇಂಜಿನ್‌ಗಳು ತಮ್ಮನ್ನು ತಾವು ಬಿಸಿಯಿಂದ ಕಾಪಾಡಿಕೊಳ್ಳಲು ಬೇಕೆಂದೇ ಜಾಸ್ತಿ ಪೆಟ್ರೋಲ್ ಸುರಿಯುತ್ತವೆ. ಹದ ತಪ್ಪಿತು, ಕನ್ವರ್ಟರ್‌ಗೆ ಆಮ್ಲಜನಕ ಸಾಲದು, ಕಾರ್ಬನ್ ಮೊನಾಕ್ಸೈಡ್ ಚಿಮ್ಮುತ್ತದೆ. ಒಂದು ಓಟದ ದೊಡ್ಡ ಪಾಲು ಇಂಥ ಕೆಲವೇ ಸೆಕೆಂಡಿನಲ್ಲಿ ಬಂದಿರುವುದು ಅಪರೂಪವಲ್ಲ. ಹಾಗಾಗಿ ವಿಎಸ್‌ಪಿ ಜಾಸ್ತಿ ಇರುವ ಡಬ್ಬಿಗಳಲ್ಲಿ ಸಾಕಷ್ಟು ಸೆಕೆಂಡು ಇರುವ ಹಾಗೆ ಡೇಟಾ ಹಿಡಿಯಬೇಕು, ಸುಮ್ನೆ ಆರಾಮಾಗಿ ಓಡಿಸಿದ ಫೈಲುಗಳಿಂದ ಇದು ಆಗುವುದಿಲ್ಲ.

ತಣ್ಣಗಿರುವಾಗ ಶುರು ಮಾಡಿದ ಮೊದಲ ಕೆಲವು ನಿಮಿಷ ಬೇರೆಯೇ ಫೈಲಿನಲ್ಲಿಡಿ. ಕನ್ವರ್ಟರ್ ಸುಮಾರು 250ರಿಂದ 300 ಡಿಗ್ರಿ ಸೆಲ್ಸಿಯಸ್ ಮುಟ್ಟುವ ತನಕ ಸರಿಯಾಗಿ ಕೆಲಸ ಮಾಡುವುದಿಲ್ಲ. ಆಗ ಹೇಗೆ ಓಡಿಸಿದಿರಿ ಅನ್ನುವುದಕ್ಕಿಂತ ಎಷ್ಟು ಹೊತ್ತಾಯಿತು ಅನ್ನುವುದೇ ಮುಖ್ಯ.

ಡೀಸೆಲ್ ಮತ್ತೆ ಇನ್ನೊಂದು ಕಥೆ. ಯೂರಿಯಾ ದ್ರಾವಣ ಸಿಂಪಡಿಸಿ ನೈಟ್ರೋಜನ್ ಆಕ್ಸೈಡ್ ಕಡಿಮೆ ಮಾಡುವ ವ್ಯವಸ್ಥೆಗೂ ಬಿಸಿ ಬೇಕು, ಹತ್ತಿರ ಹತ್ತಿರ 200 ಡಿಗ್ರಿ. ಟ್ರಾಫಿಕ್‌ನಲ್ಲಿ ಇಂಚಿಂಚು ತೆವಳುವ ಲಾರಿಯ ಹೊಗೆ ತಣ್ಣಗಾಗಿ ಆ ವ್ಯವಸ್ಥೆ ಮಲಗಿಬಿಡುತ್ತದೆ. ಶಕ್ತಿ ಕಡಿಮೆ, ಹೊಗೆ ಜಾಸ್ತಿ! ವಿಎಸ್‌ಪಿ ಒಂದನ್ನೇ ನಂಬಿದ ಮಾಡೆಲ್ ಇಲ್ಲಿ ಸೋಲುತ್ತದೆ. ಹೊಗೆಯ ಬಿಸಿಯನ್ನೂ ಒಂದು ಕಾಲಂ ಆಗಿ ಸೇರಿಸಿ. ಲಾರಿ ಬಸ್ಸುಗಳಿಗೆ ಟನ್ ಲೆಕ್ಕವೂ ಸರಿಬರುವುದಿಲ್ಲ, ಖಾಲಿಗೂ ಲೋಡಿಗೂ ತೂಕ ದುಪ್ಪಟ್ಟು ಆಗುತ್ತದಲ್ಲ. ಅವಕ್ಕೆ ತೂಕವನ್ನು ಬೇರೆಯಾಗಿ ಹಿಡಿದು ಒಟ್ಟು ಕಿಲೋವ್ಯಾಟ್‌ನಲ್ಲೇ ಕೆಲಸ ಮಾಡಿ.

ಹೆಜ್ಜೆ 8: ಚಾಲಕನನ್ನು ಅಂಕಿಯಲ್ಲಿ ಹಿಡಿಯುವುದು

ಯುರೋಪಿನಲ್ಲಿ 2017ರಿಂದ ಹೊಸ ಕಾರುಗಳನ್ನು ಲ್ಯಾಬಿನಲ್ಲಷ್ಟೇ ಅಲ್ಲ, ರಸ್ತೆಯಲ್ಲೂ ಹೊಗೆ ಯಂತ್ರ ಕಟ್ಟಿ ಪರೀಕ್ಷಿಸುತ್ತಾರೆ. ಚಾಲಕ ಬೇಕೆಂದೇ ತೀರಾ ಮೆತ್ತಗೆ ಅಥವಾ ತೀರಾ ಒರಟಾಗಿ ಓಡಿಸಿದನಾ ಅಂತ ತಿಳಿಯಲು ಅವರಿಗೂ ಅಳತೆ ಬೇಕಾಯಿತು. ಅವರು ಬಳಸುವ ಎರಡು ಅಳತೆ ನಮಗೂ ಸಾಕು. ಒಂದು, ವೇಗ ಏರಿಸುವ ಸೆಕೆಂಡುಗಳಲ್ಲಿ ವೇಗ × ವೇಗೋತ್ಕರ್ಷ ಕೂಡಿಸಿ, ಒಟ್ಟು ದೂರದಿಂದ ಭಾಗಿಸುವುದು. ಅವಸರದ ಕಾರಿಗೆ 0.33, ಸಮಾಧಾನದ ಕಾರಿಗೆ 0.19. ಇನ್ನೊಂದು, ಅದೇ ಗುಣಲಬ್ಧದ 95ನೇ ಶೇಕಡಾಂಕ, ಅಂದರೆ ನೂರರಲ್ಲಿ 95 ಸೆಕೆಂಡು ಯಾವ ಅಂಕಿಗಿಂತ ಕೆಳಗಿವೆಯೋ ಆ ಅಂಕಿ. ಮೊದಲನೆಯದು ಒಟ್ಟು ಅಭ್ಯಾಸ ಹೇಳುತ್ತದೆ, ಎರಡನೆಯದು ಆಗಾಗ ಬರುವ ಹುಮ್ಮಸ್ಸನ್ನು.

ಆದರೆ ಇದು ಚಾಲಕನ ಗುಣವಾ, ಟ್ರಾಫಿಕ್‌ನ ಗುಣವಾ? ನಿಂತು ಹೊರಡುವ ರಸ್ತೆಯಲ್ಲಿ ಸಾಧು ಮನುಷ್ಯನ ಅಂಕಿಯೂ ಏರುತ್ತದೆ. ಬೇರೆ ಬೇರೆ ರಸ್ತೆಯ ಇಬ್ಬರನ್ನು ಹೋಲಿಸಿ ಒಬ್ಬನಿಗೆ ಒರಟ ಅಂತ ಹಣೆಪಟ್ಟಿ ಕಟ್ಟುವುದು ಅನ್ಯಾಯ. ಅದೇ ರಸ್ತೆ, ಅದೇ ಹೊತ್ತು, ಅದೇ ಗಾಡಿ, ಚಾಲಕ ಮಾತ್ರ ಬೇರೆ, ಹೀಗೆ ಜೋಡಿ ಮಾಡಿ ನೋಡಿ. ಏಸಿ ಹಾಕಿತ್ತಾ, ಎಷ್ಟು ಜನ ಕೂತಿದ್ದರು ಅನ್ನುವುದನ್ನೂ ಬರೆದಿಟ್ಟುಕೊಳ್ಳಿ. ಏಸಿಯ ಭಾರವನ್ನು ಚಾಲಕನ ತಲೆಗೆ ಕಟ್ಟಬಾರದು.

ಹೆಜ್ಜೆ 9: ನಂಬುವ ಮೊದಲು ಪರೀಕ್ಷೆ

ಇಲ್ಲಿ ನನ್ನದೇ ಒಂದು ಮುಜುಗರದ ಕಥೆ. ಮೊದಲ ಸಲ ಮಾಡೆಲ್ ಕಟ್ಟಿದಾಗ ಎಲ್ಲ ಓಟಗಳ ಸೆಕೆಂಡುಗಳನ್ನು ಒಟ್ಟಿಗೆ ಕಲೆಸಿ, 80% ಕಲಿಯಲು, 20% ಪರೀಕ್ಷೆಗೆ ಅಂತ ಹಂಚಿದೆ. ಉತ್ತರ ನೋಡಿ ಹಿಗ್ಗಿದೆ, ಅಷ್ಟು ಚೆನ್ನಾಗಿ ಬಂದಿತ್ತು. ಹೊಸ ಚಾಲಕನ ಫೈಲು ಕೊಟ್ಟಾಗ ಮಾಡೆಲ್ ನೆಲ ಕಚ್ಚಿತು. ಕಾರಣ ಸರಳ. 101ನೇ ಸೆಕೆಂಡು ಕಲಿಕೆಯಲ್ಲಿದೆ, 102 ಪರೀಕ್ಷೆಯಲ್ಲಿದೆ, 103 ಮತ್ತೆ ಕಲಿಕೆಯಲ್ಲಿದೆ. ಅಕ್ಕಪಕ್ಕದ ಉತ್ತರ ನೋಡಿ ಬರೆಯುವುದನ್ನು ಪರೀಕ್ಷೆ ಅನ್ನುತ್ತಾರಾ? ಅಂದಿನಿಂದ ಸೆಕೆಂಡುಗಳನ್ನು ಹಂಚುವುದಿಲ್ಲ, ಇಡೀ ಓಟಗಳನ್ನೇ ಹಂಚುತ್ತೇನೆ. ಚಾಲಕರ ಬಗ್ಗೆ ಪ್ರಶ್ನೆ ಇದ್ದರೆ ಒಬ್ಬ ಚಾಲಕನನ್ನು ಪೂರ್ತಿ ಹೊರಗಿಟ್ಟು, ಮಿಕ್ಕವರಿಂದ ಕಲಿಸಿ, ಅವನ ಮೇಲೆ ನೋಡುತ್ತೇನೆ. ಎಲ್ಲರ ಸರದಿಯೂ ಬರುವ ತನಕ.

ಸೆಕೆಂಡಿನ ಮಟ್ಟದ ತಪ್ಪಿಗಿಂತ ಓಟದ ಒಟ್ಟು ಇಂಧನದ ತಪ್ಪು ಶೇಕಡಾ ಎಷ್ಟು ಅಂತ ನೋಡಿ. ಕೊನೆಯ ಸಾಕ್ಷಿ ಪಂಪಿನಲ್ಲಿದೆ. ಟ್ಯಾಂಕ್ ತುಂಬಿಸಿ ಶುರು ಮಾಡಿ, ನಾಲ್ಕೈದು ನೂರು ಕಿ.ಮೀ. ಓಡಿದ ಮೇಲೆ ಅದೇ ಪಂಪಿನಲ್ಲಿ, ಅದೇ ಮೊದಲ ಕಟ್‌ಆಫ್‌ವರೆಗೆ ತುಂಬಿಸಿ. ಹಾಕಿದ ಲೀಟರ್‌ಗೂ ನಿಮ್ಮ ಮೊತ್ತಕ್ಕೂ ತಾಳೆ ನೋಡಿ. ಪ್ರತಿ ಸಲ ಒಂದೇ ಕಡೆಗೆ ವಾಲಿದರೆ ಗಾಳಿ ಸೆನ್ಸರ್ ಅಥವಾ 14.7 ಮೇಲೆ ಅನುಮಾನ ಪಡಿ, ಮಾಡೆಲ್ ಮೇಲಲ್ಲ.

ಹೈಬ್ರಿಡ್, ಎಲೆಕ್ಟ್ರಿಕ್ ಗಾಡಿ ಇದ್ದರೆ

ಹೈಬ್ರಿಡ್‌ನಲ್ಲಿ ವಿಎಸ್‌ಪಿ 10 ಇದ್ದಾಗ ಇಂಜಿನ್ ಆಫ್ ಆಗಿರಬಹುದು, ನಿಂತಾಗ ಬ್ಯಾಟರಿ ತುಂಬಿಸಲು ಆನ್ ಆಗಿರಬಹುದು. ಬ್ಯಾಟರಿ ಎಷ್ಟು ತುಂಬಿದೆ ಅನ್ನುವ ಕಾಲಂ ಇಲ್ಲದೆ ಸೆಕೆಂಡಿನ ಲೆಕ್ಕಕ್ಕೆ ಕೈಹಾಕಬೇಡಿ. ಎಲೆಕ್ಟ್ರಿಕ್‌ನಲ್ಲಿ ಮೈನಸ್ ಶಕ್ತಿಯನ್ನು ಸೊನ್ನೆ ಮಾಡುವ ನಮ್ಮ ನಿಯಮವೇ ತಪ್ಪು, ಬ್ರೇಕಿನ ಶಕ್ತಿ ಒಂದಷ್ಟು ಬ್ಯಾಟರಿಗೆ ವಾಪಸ್ ಹೋಗುತ್ತದೆ. 60% ಮತ್ತೆ ಚಕ್ರಕ್ಕೆ ಸಿಗುತ್ತದೆ ಅಂತ ಹಿಡಿದು ಅದೇ 600 ಮೀಟರ್ ಓಡಿಸಿದರೆ ಅವಸರದ ಕಾರಿನ 345 ಕಿಲೋಜೂಲ್ 223ಕ್ಕೆ ಇಳಿಯುತ್ತದೆ, ಸಮಾಧಾನದ ಕಾರಿನ 218 ಇಳಿದು 155. ಅಂತರ 127 ಇದ್ದದ್ದು 67ರ ಹತ್ತಿರಕ್ಕೆ ಬಂತು. ಅರ್ಧ ಕರಗಿತು, ಇನ್ನರ್ಧ ಹಾಗೇ ಇದೆ.